ಈಜುಕೊಳದ ತಳದ ಜಾಲರಿ: ಸಣ್ಣ ಬಿಡಿಭಾಗ, ದೊಡ್ಡ ಹೊಣೆ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಕೆರೆ ಏರಿಯ ಮಗ್ಗುಲಲ್ಲಿ ಬೆಳೆದವರಿಗೆ ಹಿರಿಯರ ಒಂದು ಎಚ್ಚರಿಕೆ ನೆನಪಿರಬಹುದು. ಕೆರೆ ತುಂಬಿದ ವರ್ಷ ಎಲ್ಲಿ ಬೇಕಾದರೂ ಈಜಿ, ತೂಬು ಎತ್ತಿದ ದಿನ ಮಾತ್ರ ಅದರ ಹತ್ತಿರ ಸುಳಿಯಬೇಡಿ ಎಂಬುದೇ ಆ ಮಾತು. ತೂಬಿನಲ್ಲಿ ಯಾವುದೋ ಶಕ್ತಿ ಇದ್ದು ಎಳೆದುಕೊಳ್ಳುತ್ತದೆ ಎಂದು ಮಕ್ಕಳನ್ನು ಹೆದರಿಸುವುದೂ ಉಂಟು. ಶಕ್ತಿ ಇರುವುದು ನಿಜ. ಆದರೆ ಅದು ನೀರಿನ ತೂಕದ ಶಕ್ತಿ. 4 ಮೀಟರ್ ಆಳದ ನೀರು ಪ್ರತಿ ಚದರ ಸೆಂಟಿಮೀಟರಿನ ಮೇಲೆ ಸುಮಾರು 0.4 ಕಿಲೋಗ್ರಾಂ ಒತ್ತಡ ಹೇರುತ್ತದೆ. 30 ಸೆಂಟಿಮೀಟರ್ ವ್ಯಾಸದ ತೂಬಿನ ಬಾಯಿಗೆ ಒಬ್ಬ ಮನುಷ್ಯ ಅಡ್ಡವಾಗಿ ಸಿಕ್ಕಿಕೊಂಡರೆ ಅವನನ್ನು ಒತ್ತಿ ಹಿಡಿಯುವ ಬಲ 280 ಕಿಲೋಗ್ರಾಂ ದಾಟುತ್ತದೆ. ಎಂತಹ ಈಜುಗಾರನಿಗೂ ಅದನ್ನು ಬಿಡಿಸಿಕೊಳ್ಳುವುದು ಅಸಾಧ್ಯ. ಈ ಲೆಕ್ಕವನ್ನು ಕಾಗದದ ಮೇಲೆ ಹಾಕದೆಯೇ ನಮ್ಮ ಹಿರಿಯರು ಅನುಭವದಿಂದ ಅರಿತಿದ್ದರು.

ಈಗ ಕೆರೆಯಲ್ಲಿ ಈಜುವವರು ಕಡಿಮೆಯಾಗಿದ್ದಾರೆ. ಈಜುಕೊಳಗಳು ಹೆಚ್ಚಿವೆ. ಹಿಂದೆ ಬೆಂಗಳೂರಿನ ದೊಡ್ಡ ಹೋಟೆಲು, ಕ್ಲಬ್ಬುಗಳಿಗೆ ಸೀಮಿತವಾಗಿದ್ದ ಈಜುಕೊಳ ಇಂದು ಹೆದ್ದಾರಿ ಬದಿಯ ರೆಸಾರ್ಟು, ತೋಟದ ಮನೆ, ಖಾಸಗಿ ಶಾಲೆ, ಬಡಾವಣೆಯ ಕ್ಲಬ್ ಹೌಸ್‌ಗಳಿಗೂ ಬಂದಿದೆ. ತಾವರೆಕೆರೆಯನ್ನು ಹಾದು ಹೋಗುವ ರಾಷ್ಟ್ರೀಯ ಹೆದ್ದಾರಿ 48ರ ಉದ್ದಕ್ಕೂ ವ್ಯವಹಾರ ನಡೆಸುವ ನಮ್ಮ ಸದಸ್ಯ ಬಾಂಧವರಲ್ಲಿ ಕೆಲವರು ಇಂತಹ ಕೊಳಗಳ ಮಾಲೀಕರು. ಕೆಲವರು ಅವುಗಳಿಗೆ ಪಂಪು, ಪೈಪು, ಟೈಲ್ಸ್ ಪೂರೈಸುವ ವರ್ತಕರು. ಇನ್ನು ಕೆಲವರು ನನ್ನ ಹಾಗೆ ಸಣ್ಣ ಕಾರ್ಯಾಗಾರ ಇಟ್ಟುಕೊಂಡು ಕಬ್ಬಿಣ, ಸ್ಟೀಲ್ ಕೆಲಸ ಮಾಡಿಕೊಡುವವರು. ಈ ಮೂರೂ ವರ್ಗದವರಿಗೆ ಸಂಬಂಧಿಸಿದ ಒಂದು ವಸ್ತುವಿನ ಬಗ್ಗೆ ಇಲ್ಲಿ ಬರೆಯಬೇಕಾಗಿದೆ. ಅದು ಕೊಳದ ತಳದಲ್ಲಿ, ನೀರು ಪಂಪಿಗೆ ಹೋಗುವ ಬಾಯಿಯ ಮೇಲೆ ಕೂರಿಸುವ ಮುಚ್ಚಳ. ಕೆಲವರು ಅದನ್ನು ಡ್ರೈನ್ ಜಾಲರಿ ಎನ್ನುತ್ತಾರೆ, ಕೆಲವರು ಗ್ರೇಟಿಂಗ್ ಎನ್ನುತ್ತಾರೆ.

ಮೊದಲು ನನ್ನ ತಪ್ಪನ್ನೇ ಹೇಳಿಬಿಡುವುದು ಒಳ್ಳೆಯದು. ಕೆಲವು ವರ್ಷಗಳ ಹಿಂದೆ ಒಬ್ಬ ಗುತ್ತಿಗೆದಾರರು ನನ್ನ ಕಾರ್ಯಾಗಾರಕ್ಕೆ ಒಂದು ಚೀಟಿ ತಂದುಕೊಟ್ಟರು. 8 ಅಂಗುಲ ಚೌಕದ ಚಪ್ಪಟೆ ಜಾಲರಿ, ಸ್ಟೇನ್‌ಲೆಸ್ ಸ್ಟೀಲ್, ಎರಡು ದಿನದಲ್ಲಿ ಬೇಕು. ಚೀಟಿಯಲ್ಲಿ ಇದ್ದದ್ದು ಇಷ್ಟೇ. ಮೋರಿಯ ಜಾಲರಿ ಮಾಡಿಕೊಡುವಷ್ಟೇ ಸಲೀಸಾಗಿ ಮಾಡಿಕೊಟ್ಟೆ. ಎಲ್ಲಿಗೆ, ಪಂಪಿನ ಸಾಮರ್ಥ್ಯ ಎಷ್ಟು, ಕೊಳದಲ್ಲಿ ಇಂತಹ ಬಾಯಿಗಳು ಎಷ್ಟಿವೆ ಎಂಬ ಪ್ರಶ್ನೆಗಳಲ್ಲಿ ಒಂದನ್ನೂ ಕೇಳಲಿಲ್ಲ. ಅದು ಮಕ್ಕಳ ಕೊಳಕ್ಕೆ ಹೋಯಿತೆಂದು ತಿಳಿದದ್ದು ಬಹಳ ದಿನಗಳ ಮೇಲೆ. ಅಷ್ಟರಲ್ಲಿ ಈ ವಿಷಯವನ್ನು ಓದಿಕೊಂಡಿದ್ದೆ. ಆ ರಾತ್ರಿ ನಿದ್ದೆ ಬರಲಿಲ್ಲ.

ಹೀರುವ ಬಾಯಿಯ ಸ್ವಭಾವ

ಈಜುಕೊಳದ ನೀರನ್ನು ಪಂಪು ನಿರಂತರವಾಗಿ ಎಳೆದು, ಫಿಲ್ಟರಿನ ಮೂಲಕ ಹಾಯಿಸಿ, ಮತ್ತೆ ಕೊಳಕ್ಕೆ ಬಿಡುತ್ತದೆ. ತಳದ ಬಾಯಿಯಿಂದ ನೇರವಾಗಿ ಪಂಪಿಗೆ ಪೈಪು ಹೋಗಿದ್ದು, ಆ ಬಾಯಿ ಒಂದೇ ಒಂದು ಇದ್ದರೆ, ಯಾರಾದರೂ ಅದರ ಮೇಲೆ ಕುಳಿತ ಕ್ಷಣದಲ್ಲಿ ಪಂಪಿಗೆ ನೀರಿನ ದಾರಿ ಮುಚ್ಚುತ್ತದೆ. ಪಂಪು ನಿಲ್ಲುವುದಿಲ್ಲ, ಪೈಪಿನೊಳಗೆ ನಿರ್ವಾತ ಉಂಟುಮಾಡುತ್ತದೆ. ಒಳಗಿನ ಮತ್ತು ಹೊರಗಿನ ಒತ್ತಡದ ವ್ಯತ್ಯಾಸ ಪ್ರತಿ ಚದರ ಸೆಂಟಿಮೀಟರಿಗೆ ಅರ್ಧ ಕಿಲೋಗ್ರಾಂ ಎಂದೇ ಇಟ್ಟುಕೊಳ್ಳೋಣ. 8 ಅಂಗುಲ, ಅಂದರೆ 20 ಸೆಂಟಿಮೀಟರ್ ಚೌಕದ ಜಾಲರಿಯ ವಿಸ್ತೀರ್ಣ 400 ಚದರ ಸೆಂಟಿಮೀಟರ್. ಹಿಡಿದಿಡುವ ಬಲ 200 ಕಿಲೋಗ್ರಾಂ. 50 ಕಿಲೋಗ್ರಾಮಿನ ನಾಲ್ಕು ಸಿಮೆಂಟ್ ಮೂಟೆಗಳನ್ನು ಒಂದು ಮಗುವಿನ ಮೇಲೆ ಹೇರಿದಂತೆ. ನೀರು ಎರಡಡಿ ಆಳವಿದ್ದರೂ, ನಾಲ್ಕಡಿ ಇದ್ದರೂ ಈ ಲೆಕ್ಕದಲ್ಲಿ ಹೆಚ್ಚು ವ್ಯತ್ಯಾಸವಿಲ್ಲ. ಮಕ್ಕಳ ಕೊಳ ಆಳವಿಲ್ಲ, ಆದ್ದರಿಂದ ಅಪಾಯವಿಲ್ಲ ಎಂಬ ನಂಬಿಕೆ ತಪ್ಪಾಗುವುದು ಇಲ್ಲಿಯೇ. ಆಳ ಕಡಿಮೆ ಇರುವ ಕೊಳದಲ್ಲಿಯೇ ಮಗು ತಳದ ಜಾಲರಿಯ ಮೇಲೆ ಕುಳಿತುಕೊಳ್ಳುತ್ತದೆ.

ಅಮೆರಿಕದ ಮಿನ್ನೆಸೊಟಾ ರಾಜ್ಯದಲ್ಲಿ 2007ರಲ್ಲಿ 6 ವರ್ಷದ ಬಾಲಕಿಯೊಬ್ಬಳು ಹೀಗೆಯೇ ಮಕ್ಕಳ ಕೊಳದ ಬಾಯಿಯ ಮೇಲೆ ಸಿಕ್ಕಿಕೊಂಡಳು. ಹೀರುವ ಬಲಕ್ಕೆ ಅವಳ ಕರುಳು ಹರಿದುಹೋಯಿತು. ಹಲವು ಶಸ್ತ್ರಚಿಕಿತ್ಸೆಗಳ ನಂತರ 2008ರ ಮಾರ್ಚ್‌ನಲ್ಲಿ ಅವಳು ತೀರಿಕೊಂಡಳು. ಓದಲು ಹಿಂಸೆಯಾಗುವ ಸಂಗತಿಯಾದರೂ ಬರೆಯುವುದು ಅನಿವಾರ್ಯ. ಏಕೆಂದರೆ ಇಲ್ಲಿ ಅಪಾಯ ನೀರಿನಲ್ಲಿ ಮುಳುಗುವುದಷ್ಟೇ ಅಲ್ಲ.

ಕೂದಲಿನ ಅಪಾಯ ಇನ್ನೊಂದು ಬಗೆಯದು. ಜಾಲರಿಯ ಸಂದಿನಲ್ಲಿ ನೀರು ವೇಗವಾಗಿ ನುಗ್ಗುವಾಗ ಒಳಗೆ ಸುಳಿ ಏಳುತ್ತದೆ. ಉದ್ದ ಕೂದಲು ಸಂದಿನ ಮೂಲಕ ಒಳಗೆ ಸೇರಿ ಆ ಸುಳಿಯಲ್ಲಿ ತಿರುಚಿಕೊಂಡು ಸರಳಿನ ಹಿಂದೆ ಗಂಟಾಗುತ್ತದೆ. ಆಮೇಲೆ ಪಂಪು ನಿಲ್ಲಿಸಿದರೂ ಗಂಟು ಬಿಚ್ಚುವುದಿಲ್ಲ, ಕತ್ತರಿಸಿಯೇ ಬಿಡಿಸಬೇಕು. ನಮ್ಮಲ್ಲಿ ಹೆಣ್ಣುಮಕ್ಕಳು ಜಡೆ ಬಿಚ್ಚಿಕೊಂಡು, ಚೂಡಿದಾರದ ದುಪಟ್ಟಾ ಸಮೇತ ರೆಸಾರ್ಟಿನ ಕೊಳಕ್ಕೆ ಇಳಿಯುವುದು ಸಾಮಾನ್ಯ ದೃಶ್ಯ. ಕುತ್ತಿಗೆಯ ಸರ, ಕಾಲ್ಗೆಜ್ಜೆ, ಚಿಕ್ಕ ಮಕ್ಕಳ ಉಡಿದಾರ, ಇವೆಲ್ಲ ಸಂದಿನಲ್ಲಿ ಸಿಕ್ಕಿಕೊಳ್ಳುವ ವಸ್ತುಗಳೇ. ಈಜುಡುಗೆ, ಟೋಪಿ ಕಡ್ಡಾಯ ಎಂಬ ಫಲಕವನ್ನು ಕಂಡು ಇದು ದೊಡ್ಡವರ ಶೋಕಿ ಎಂದು ನಗುವವರಿದ್ದಾರೆ. ಟೋಪಿಯ ಉಪಯೋಗ ನೀರನ್ನು ಸ್ವಚ್ಛವಾಗಿಡುವುದಷ್ಟೇ ಅಲ್ಲ ಎಂದು ಮಾಲೀಕರು ಗ್ರಾಹಕರಿಗೆ ವಿವರಿಸಿ ಹೇಳಿದರೆ ಒಪ್ಪದವರು ಕಡಿಮೆ.

ಜಪಾನಿನ ಒಂದು ತಂತಿಯ ಕಥೆ

ನಮ್ಮ ವೃತ್ತಿಯವರು ಗಮನವಿಟ್ಟು ಓದಬೇಕಾದ ಪ್ರಕರಣ ಜಪಾನಿನದು. ಟೋಕಿಯೋ ಬಳಿಯ ಸೈತಾಮಾ ಪ್ರಾಂತ್ಯದ ಫುಜಿಮಿನೊ ನಗರದಲ್ಲಿ ನಗರಾಡಳಿತಕ್ಕೆ ಸೇರಿದ ಒಂದು ಈಜುಕೊಳವಿತ್ತು. ನೀರು ಸುತ್ತಲೂ ಹರಿಯುವಂತೆ ಪಂಪಿನಿಂದ ತಳ್ಳುವ ಬಗೆಯದು. 2006ರ ಜುಲೈ 31ರಂದು ಅಲ್ಲಿ ಎರಡನೆಯ ತರಗತಿಯ 7 ವರ್ಷದ ಬಾಲಕಿ ಗೋಡೆಯ ಬದಿಯ ನೀರು ಹೀರುವ ಬಾಯಿಯೊಳಗೆ ಸೆಳೆಯಲ್ಪಟ್ಟು ಪೈಪಿನಲ್ಲಿ ಸಿಕ್ಕಿ ಮೃತಪಟ್ಟಳು.

ಅವಘಡಕ್ಕೆ ಸ್ವಲ್ಪ ಮೊದಲು ಆ ಬಾಯಿಯ ಜಾಲರಿ ಕಳಚಿ ಬಿದ್ದಿತ್ತು. ಈಜುತ್ತಿದ್ದ ಮಗುವೊಂದು ಅದನ್ನು ಎತ್ತಿ ಕಾವಲಿನವರಿಗೆ ಒಪ್ಪಿಸಿತ್ತು ಕೂಡ. ಸಿಬ್ಬಂದಿ ಜಾಲರಿಯನ್ನು ಮತ್ತೆ ಕಟ್ಟಲು ತಂತಿ ತರಲು ಹೊರಟರು. ಪಂಪು ಓಡುತ್ತಲೇ ಇತ್ತು. ಮಕ್ಕಳನ್ನು ಪೂರ್ತಿಯಾಗಿ ನೀರಿನಿಂದ ಹೊರಗೆ ಕರೆದಿರಲಿಲ್ಲ. ಆ ಕೆಲವೇ ನಿಮಿಷಗಳಲ್ಲಿ ಅನಾಹುತ ನಡೆದುಹೋಯಿತು.

ತಂತಿ ಏಕೆ ಬೇಕಾಯಿತು? ಬೋಲ್ಟು ಹಾಕಿ ಬಿಗಿಯಬೇಕಾದ ಜಾಲರಿಗಳನ್ನು ಅಲ್ಲಿ ಬಹಳ ಕಾಲದಿಂದ ತಂತಿಯಿಂದ ಕಟ್ಟಲಾಗುತ್ತಿತ್ತು. ನಿರ್ವಹಣೆಯ ಗುತ್ತಿಗೆ ಪಡೆದ ಕಂಪನಿಯು ಅದನ್ನು ಇನ್ನೊಂದು ಕಂಪನಿಗೆ ಒಳಗುತ್ತಿಗೆ ಕೊಟ್ಟಿತ್ತು. ಸ್ಥಳದಲ್ಲಿ ನಿಂತವರಿಗೆ ಆ ಬಾಯಿಯ ಹಿಂದೆ ಎಂತಹ ಬಲವಿದೆ ಎಂಬ ತಿಳಿವಳಿಕೆ ಇರಲಿಲ್ಲ. ನಗರಾಡಳಿತದ ಅಧಿಕಾರಿಗಳನ್ನು ನ್ಯಾಯಾಲಯ ನಿರ್ಲಕ್ಷ್ಯದ ಅಪರಾಧಕ್ಕಾಗಿ ತಪ್ಪಿತಸ್ಥರೆಂದು ತೀರ್ಮಾನಿಸಿತು. 2007ರ ಮಾರ್ಚ್‌ನಲ್ಲಿ ಜಪಾನ್ ಸರ್ಕಾರ ಈಜುಕೊಳಗಳ ಸುರಕ್ಷತಾ ಮಾರ್ಗಸೂಚಿ ಹೊರಡಿಸಿತು. ಅದರಂತೆ ಜಾಲರಿಯನ್ನು ಬೋಲ್ಟಿನಿಂದ ಬಿಗಿಯಬೇಕು. ಅದು ಕಳಚಿದರೂ ಒಳಗೆ ಯಾರೂ ಸೆಳೆಯಲ್ಪಡದಂತೆ ಪೈಪಿನ ಬಾಯಿಗೆ ಎರಡನೆಯ ತಡೆ ಇರಬೇಕು.

ತಂತಿ ಕಟ್ಟಿ ಕೆಲಸ ಸಾಗಿಸುವುದು ನಮಗೆ ಅಪರಿಚಿತವಲ್ಲ. ಟ್ರ್ಯಾಕ್ಟರಿನ ಸೈಲೆನ್ಸರಿನಿಂದ ಹಿಡಿದು ಕಾರ್ಖಾನೆಯ ಬೆಲ್ಟ್ ಗಾರ್ಡಿನವರೆಗೆ ನಾವು ತಂತಿಯನ್ನು ನಂಬಿದವರು. ಶಿಸ್ತಿಗೆ ಹೆಸರಾದ ದೇಶದಲ್ಲಿಯೂ ಹೀಗಾಯಿತು ಎಂಬುದೇ ನನ್ನನ್ನು ಹೆಚ್ಚು ಕಾಡಿತು.

ಮುಚ್ಚಳ ತಯಾರಿಸಿದವರ ಹೊಣೆ

ಅಮೆರಿಕದ ಎರಡು ಪ್ರಕರಣಗಳು ತಯಾರಕರ ದೃಷ್ಟಿಯಿಂದ ಮುಖ್ಯ. 1993ರಲ್ಲಿ ಉತ್ತರ ಕೆರೊಲಿನಾದ ಮಕ್ಕಳ ಕೊಳವೊಂದರಲ್ಲಿ ಮುಚ್ಚಳದ ಸ್ಕ್ರೂ ಇಲ್ಲದೆ ಅದು ಜರುಗಿ, 5 ವರ್ಷದ ಬಾಲಕಿ ತೀವ್ರವಾಗಿ ಗಾಯಗೊಂಡು ಜೀವನಪರ್ಯಂತ ನಳಿಕೆಯ ಮೂಲಕ ಆಹಾರ ಪಡೆಯಬೇಕಾದ ಸ್ಥಿತಿಗೆ ಬಂದಳು. 1997ರಲ್ಲಿ ಅಲ್ಲಿನ ಜ್ಯೂರಿ ಮುಚ್ಚಳ ತಯಾರಿಸಿದ ಕಂಪನಿಯು 2.5 ಕೋಟಿ ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಿತ್ತಿತು. ಸ್ಕ್ರೂ ಬಿಗಿಯದಿದ್ದರೆ ಪ್ರಾಣಾಪಾಯ ಎಂಬ ಎಚ್ಚರಿಕೆಯನ್ನು ಮುಚ್ಚಳದ ಮೇಲೆ ಕಂಪನಿ ಕೊಟ್ಟಿರಲಿಲ್ಲ ಎಂಬುದು ಆ ವಾದದ ತಿರುಳಾಗಿತ್ತು. ಒಂದು ಸಾಲು ಬರಹವನ್ನು ಅಚ್ಚಿನಲ್ಲಿ ಸೇರಿಸಲು ತಗಲುವ ಖರ್ಚು ನಮಗೆಲ್ಲ ಗೊತ್ತಿದೆ.

ಎರಡನೆಯದು 2002ರ ಜೂನ್ ತಿಂಗಳಿನದು. ಅಮೆರಿಕದ ಮಾಜಿ ವಿದೇಶಾಂಗ ಕಾರ್ಯದರ್ಶಿ ಜೇಮ್ಸ್ ಬೇಕರ್ ಅವರ 7 ವರ್ಷದ ಮೊಮ್ಮಗಳು ವರ್ಜಿನಿಯಾ ಗ್ರೇಮ್ ಬೇಕರ್ ಬಿಸಿನೀರಿನ ತೊಟ್ಟಿಯ ತಳದ ಬಾಯಿಗೆ ಸಿಕ್ಕಿಕೊಂಡಳು. ಅವಳಿಗೆ ಈಜು ಚೆನ್ನಾಗಿ ಬರುತ್ತಿತ್ತು. ತಾಯಿ ಎಳೆದರೂ ಬಿಡಿಸಲಾಗಲಿಲ್ಲ. ಕೊನೆಗೆ ಇಬ್ಬರು ಗಂಡಸರು ಎಳೆದ ರಭಸಕ್ಕೆ ಮುಚ್ಚಳವೇ ಮುರಿಯಿತು. ಆದರೆ ಮಗು ಉಳಿಯಲಿಲ್ಲ. ತಾಯಿ ನಡೆಸಿದ ಹೋರಾಟದ ಫಲವಾಗಿ ಆ ಮಗುವಿನ ಹೆಸರಿನ ಕಾಯ್ದೆಗೆ 2007ರ ಡಿಸೆಂಬರ್ 19ರಂದು ಸಹಿ ಬಿದ್ದು, ಸರಿಯಾಗಿ ಒಂದು ವರ್ಷದ ನಂತರ ಅದು ಜಾರಿಗೆ ಬಂದಿತು. ಆ ದೇಶದಲ್ಲಿ ಮಾರಾಟವಾಗುವ ಪ್ರತಿ ಡ್ರೈನ್ ಮುಚ್ಚಳವೂ ಸಿಕ್ಕಿಕೊಳ್ಳುವಿಕೆ ತಡೆಯುವ ಮಾನಕಕ್ಕೆ ಒಳಪಡಬೇಕಾಯಿತು. ಸಾರ್ವಜನಿಕ ಕೊಳಗಳಲ್ಲಿ ತಳದ ಬಾಯಿ ಒಂದೇ ಇದ್ದರೆ ಮುಚ್ಚಳದ ಜೊತೆಗೆ ಮತ್ತೊಂದು ರಕ್ಷಣಾ ವ್ಯವಸ್ಥೆ ಕಡ್ಡಾಯವಾಯಿತು. ಕಾಯ್ದೆ ಜಾರಿಯಾದ ಮೇಲೆ ಅಲ್ಲಿನ ಸಾರ್ವಜನಿಕ ಕೊಳಗಳಲ್ಲಿ ಈ ಬಗೆಯಲ್ಲಿ ಮಗು ಮೃತಪಟ್ಟ ಪ್ರಕರಣ ವರದಿಯಾಗಿಲ್ಲವೆಂದು ಗ್ರಾಹಕ ಉತ್ಪನ್ನ ಸುರಕ್ಷತಾ ಆಯೋಗವು ತನ್ನ ವರದಿಗಳಲ್ಲಿ ಮತ್ತೆ ಮತ್ತೆ ತಿಳಿಸಿದೆ.

ಹಾಗೆಂದು ಮಾನಕದ ಮುದ್ರೆ ಬಿದ್ದ ಕೂಡಲೇ ಎಲ್ಲವೂ ಸರಿಯಾಗಲಿಲ್ಲ. 2011ರ ಮೇ ತಿಂಗಳಿನಲ್ಲಿ ಎಂಟು ತಯಾರಕರ ಸುಮಾರು 10 ಲಕ್ಷ ಮುಚ್ಚಳಗಳನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆಯಬೇಕಾಯಿತು. ಎಷ್ಟು ನೀರಿನ ಹರಿವಿಗೆ ಸುರಕ್ಷಿತ ಎಂದು ಅವುಗಳ ಮೇಲೆ ನಮೂದಿಸಿದ್ದ ಪ್ರಮಾಣವೇ ತಪ್ಪಾಗಿತ್ತು. ಮುಚ್ಚಳದ ಗಟ್ಟಿತನಕ್ಕಿಂತ ಅದರ ಮೇಲಿನ ಈ ಒಂದು ಅಂಕಿ ಮುಖ್ಯ ಎಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಅಂಕಿಯ ಅರ್ಥವೇನು ಎಂದು ಒಂದು ಉದಾಹರಣೆಯಿಂದ ನೋಡಬಹುದು. 1,20,000 ಲೀಟರಿನ ಕೊಳದ ನೀರನ್ನು 4 ಗಂಟೆಗೊಮ್ಮೆ ಪೂರ್ತಿ ಶುದ್ಧೀಕರಿಸಬೇಕಾದರೆ ಪಂಪು ಗಂಟೆಗೆ 30,000 ಲೀಟರ್, ಅಂದರೆ ಸೆಕೆಂಡಿಗೆ 8 ಲೀಟರಿಗಿಂತ ತುಸು ಹೆಚ್ಚು ಎಳೆಯಬೇಕು. 6 ಅಂಗುಲ ವ್ಯಾಸದ ದುಂಡು ಜಾಲರಿಯಲ್ಲಿ ಅರ್ಧ ಭಾಗ ಲೋಹ, ಅರ್ಧ ಭಾಗ ಸಂದು ಎಂದು ಭಾವಿಸಿದರೆ ನೀರಿಗೆ ಸಿಗುವ ದಾರಿ ಸುಮಾರು 88 ಚದರ ಸೆಂಟಿಮೀಟರ್. ನೀರಿನ ವೇಗ ಸೆಕೆಂಡಿಗೆ 95 ಸೆಂಟಿಮೀಟರ್ ಆಗುತ್ತದೆ. ಈಜುಕೊಳದ ಕೆಲಸದವರು ಬಹು ಕಾಲದಿಂದ ಇಟ್ಟುಕೊಂಡು ಬಂದ ಮಿತಿ ಸೆಕೆಂಡಿಗೆ ಒಂದೂವರೆ ಅಡಿ, ಅಂದರೆ 45 ಸೆಂಟಿಮೀಟರ್. ಇಲ್ಲಿ ಅದರ ಇಮ್ಮಡಿಗಿಂತ ಹೆಚ್ಚಾಯಿತು. ಹಳೆಯ ಪಂಪು ಕೆಟ್ಟಾಗ ಅಂಗಡಿಯಲ್ಲಿ ಸಿಕ್ಕ ಹೆಚ್ಚು ಅಶ್ವಶಕ್ತಿಯ ಪಂಪನ್ನು ಕೂರಿಸುವುದು ನಮ್ಮಲ್ಲಿ ರೂಢಿ. ನೀರು ಬೇಗ ಶುದ್ಧವಾಗುತ್ತದೆ ಎಂದು ಮಾಲೀಕರು ಸಂತೋಷಪಡುತ್ತಾರೆ. ತಳದ ಜಾಲರಿ ಮಾತ್ರ ಹಳೆಯದೇ ಉಳಿಯುತ್ತದೆ. ಪಂಪು ಮಾರುವ ವರ್ತಕರು ಆಗ ಒಂದು ಮಾತು ಕೇಳಿದರೆ ಸಾಕು: ಕೆಳಗಿನ ಮುಚ್ಚಳ ಎಷ್ಟು ಹರಿವಿನದು?

ಕಾನೂನಿನ ಮಾತು ನಮ್ಮಲ್ಲಿಯೂ ಬದಲಾಗಿದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಉತ್ಪನ್ನ ಹೊಣೆಗಾರಿಕೆಯ ಅಧ್ಯಾಯ 2020ರ ಜುಲೈ 20ರಿಂದ ಜಾರಿಯಲ್ಲಿದೆ. ದೋಷಯುಕ್ತ ವಸ್ತುವಿನಿಂದ ಹಾನಿಯಾದರೆ ತಯಾರಕನಷ್ಟೇ ಅಲ್ಲ, ಸಂದರ್ಭಾನುಸಾರ ಮಾರಾಟಗಾರನೂ ಸೇವೆ ಒದಗಿಸಿದವನೂ ಉತ್ತರಿಸಬೇಕು. ಸಾಕಷ್ಟು ಸೂಚನೆ, ಎಚ್ಚರಿಕೆ ಕೊಡದಿರುವುದೂ ಅದರಲ್ಲಿ ಹೊಣೆಗೆ ಕಾರಣ. ನಿರ್ಲಕ್ಷ್ಯದಿಂದ ಸಾವು ಸಂಭವಿಸಿದರೆ 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನ್ಯಾಯ ಸಂಹಿತೆಯ 106ನೆಯ ಪ್ರಕರಣದಡಿ 5 ವರ್ಷಗಳವರೆಗೆ ಸೆರೆವಾಸ ವಿಧಿಸಬಹುದು. ಹಿಂದಿನ ದಂಡ ಸಂಹಿತೆಯಲ್ಲಿ ಇದು 2 ವರ್ಷವಿತ್ತು. 2024ರ ನವೆಂಬರ್‌ನಲ್ಲಿ ಮಂಗಳೂರು ಬಳಿಯ ಉಚ್ಚಿಲದ ರೆಸಾರ್ಟೊಂದರ ಈಜುಕೊಳದಲ್ಲಿ ಮೈಸೂರಿನ ಮೂವರು ಯುವತಿಯರು ಮುಳುಗಿ ಮೃತಪಟ್ಟಾಗ ಮಾಲೀಕರನ್ನೂ ವ್ಯವಸ್ಥಾಪಕರನ್ನೂ ಬಂಧಿಸಲಾಯಿತು. ಅದು ಡ್ರೈನಿನ ಪ್ರಕರಣವಲ್ಲ. ಆದರೆ ಕೊಳದಲ್ಲಿ ಸಾವಾದಾಗ ಪೊಲೀಸರು ಮೊದಲು ಯಾರ ಬಾಗಿಲಿಗೆ ಬರುತ್ತಾರೆ ಎಂಬುದಕ್ಕೆ ನಿದರ್ಶನ.

ನಮ್ಮ ಮಾನಕಗಳಲ್ಲಿ ಐ.ಎಸ್. 3328 ಈಜುಕೊಳದ ನೀರಿನ ಗುಣಮಟ್ಟಕ್ಕೆ ಸಂಬಂಧಿಸಿದ್ದು. ಜಾಲರಿಯ ಹೀರುಬಲ, ಕೂದಲು ಸಿಕ್ಕುವ ಪರೀಕ್ಷೆ ಅದರ ವಿಷಯವಲ್ಲ. ಆದ್ದರಿಂದ ಮುಚ್ಚಳ ಕೊಳ್ಳುವಾಗ ಯುರೋಪಿನ ಇ.ಎನ್. 13451-3 ಅಥವಾ ಅಮೆರಿಕದ ಎ.ಪಿ.ಎಸ್.ಪಿ.-16 ಮಾನಕದ ಗುರುತು, ಹರಿವಿನ ಪ್ರಮಾಣ, ಬಾಳಿಕೆಯ ವರ್ಷ, ಇವು ಮುಚ್ಚಳದ ಮೇಲೆಯೇ ಇವೆಯೇ ಎಂದು ನೋಡಿ ಬಿಲ್ಲಿನಲ್ಲಿಯೂ ಬರೆಸಿಕೊಳ್ಳುವುದು ಕ್ಷೇಮ.

ಮಾಡಬೇಕಾದದ್ದು

ಹೊಸ ಕೊಳ ಕಟ್ಟುವವರಿಗೆ ದಾರಿ ಸುಲಭ. ಉಕ್ಕಿ ಹರಿಯುವ ಅಂಚು ಇಟ್ಟು, ಆ ನೀರು ತಾನಾಗಿಯೇ ಬ್ಯಾಲೆನ್ಸಿಂಗ್ ಟ್ಯಾಂಕಿಗೆ ಇಳಿದು, ಪಂಪು ಅಲ್ಲಿಂದ ಎಳೆಯುವಂತೆ ಮಾಡಿದರೆ ಈಜುವವರಿಗೂ ಪಂಪಿಗೂ ನೇರ ಸಂಬಂಧವೇ ಇರುವುದಿಲ್ಲ. ಇಂತಹ ಕೊಳಗಳಲ್ಲಿಯೂ ತಳದ ಬಾಯಿಯನ್ನು ಮಾತ್ರ ನೇರವಾಗಿ ಪಂಪಿಗೆ ಜೋಡಿಸಿಬಿಡುವುದುಂಟು, ಅದನ್ನು ಗಮನಿಸಬೇಕು. ತಳದ ಬಾಯಿ ಬೇಕೇ ಬೇಕೆಂದಾದರೆ ಎರಡು ಇರಲಿ. ಅವುಗಳ ನಡುವೆ ಕನಿಷ್ಠ ಮೂರು ಅಡಿ ಅಂತರವಿರಲಿ. ಎರಡೂ ಒಂದೇ ಪೈಪಿಗೆ ಸೇರಬೇಕು, ಮಧ್ಯೆ ವಾಲ್ವ್ ಇರಬಾರದು. ಒಂದನ್ನು ದೇಹ ಮುಚ್ಚಿದರೆ ಇನ್ನೊಂದರಿಂದ ನೀರು ಬಂದು ನಿರ್ವಾತ ಉಂಟಾಗುವುದಿಲ್ಲ. ಆದರೆ ಆ ಗಳಿಗೆಯಲ್ಲಿ ಪಂಪಿನ ಪೂರ್ತಿ ಹರಿವು ಒಂದೇ ಮುಚ್ಚಳದ ಮೂಲಕ ಹೋಗುವುದರಿಂದ, ಪ್ರತಿ ಮುಚ್ಚಳವೂ ಪೂರ್ತಿ ಹರಿವಿಗೆ ತಾಳುವಂತಿರಬೇಕು. ಅರ್ಧರ್ಧ ಲೆಕ್ಕ ಹಾಕುವುದು ಸಾಮಾನ್ಯ ತಪ್ಪು.

ಚಪ್ಪಟೆ ಜಾಲರಿಯನ್ನು ದೇಹ ಸುಲಭವಾಗಿ ಮುಚ್ಚುತ್ತದೆ. ಗುಮ್ಮಟದಂತೆ ಉಬ್ಬಿದ, ಪಕ್ಕದಿಂದ ನೀರು ಸೇರುವ ಮುಚ್ಚಳವನ್ನು ಹಾಗೆ ಮುಚ್ಚುವುದು ಕಷ್ಟ, ಸುಳಿಯೂ ಕಡಿಮೆ. ಪ್ಲಾಸ್ಟಿಕ್ ಮುಚ್ಚಳ ಬಿಸಿಲು ಮತ್ತು ಕ್ಲೋರಿನ್‌ನಿಂದ ಕೆಲವೇ ವರ್ಷಗಳಲ್ಲಿ ಪೆಡಸಾಗುತ್ತದೆ. ಮೇಲೆ ನಿಂತು ನೋಡಿದರೆ ಬಿರುಕು ಕಾಣುವುದಿಲ್ಲ, ಇಳಿದು ಮುಟ್ಟಿಯೇ ನೋಡಬೇಕು. ಸ್ಕ್ರೂಗಳ ವಿಷಯದಲ್ಲಿ ನಮ್ಮ ವೃತ್ತಿಯವರಿಗೆ ಒಂದು ಕಿವಿಮಾತು: ಕ್ಲೋರಿನ್ ನೀರಿನಲ್ಲಿ 304 ದರ್ಜೆಯ ಸ್ಟೀಲ್ ಚುಕ್ಕೆ ಚುಕ್ಕೆಯಾಗಿ ಕೊರೆದುಹೋಗುತ್ತದೆ, 316 ದರ್ಜೆಯನ್ನೇ ಬಳಸಬೇಕು. ನಾಲ್ಕು ಸ್ಕ್ರೂಗಳ ಬೆಲೆಯ ವ್ಯತ್ಯಾಸ ಒಂದು ಊಟದ ಬೆಲೆಯಷ್ಟಿಲ್ಲ.

ಗೋಡೆಯಲ್ಲಿ ಕಸ ಹೀರುವ ಕೊಳವೆ ಜೋಡಿಸಲು ಬಿಟ್ಟ ವ್ಯಾಕ್ಯೂಮ್ ಪಾಯಿಂಟ್ ಎಂಬ ಇನ್ನೊಂದು ಬಾಯಿ ಇರುತ್ತದೆ. ಅದರ ಬಿರಡೆ ಕಳೆದುಹೋದರೆ ಯಾರೂ ಚಿಂತಿಸುವುದಿಲ್ಲ. ಒಂದೂವರೆ, ಎರಡು ಅಂಗುಲದ ಆ ರಂಧ್ರ ಮಗುವಿನ ಕೈಗೆ ಸರಿಯಾದ ಅಳತೆಯದು. ಕೆಲಸವಿಲ್ಲದಾಗ ಅದರ ವಾಲ್ವನ್ನೂ ಮುಚ್ಚಿಡಬೇಕು.

ಪಂಪು ನಿಲ್ಲಿಸುವ ಗುಂಡಿ ಕೊಳದ ಅಂಚಿನಿಂದ ಕಾಣುವಂತಿರಬೇಕು. ನಾನು ಕಂಡ ಹೆಚ್ಚಿನ ಕೊಳಗಳಲ್ಲಿ ಗುಂಡಿ ಪಂಪ್ ಮನೆಯೊಳಗಿತ್ತು, ಪಂಪ್ ಮನೆಗೆ ಬೀಗವಿತ್ತು, ಬೀಗದ ಕೈ ಆಪರೇಟರನ ಜೇಬಿನಲ್ಲಿತ್ತು, ಆಪರೇಟರ್ ಊಟಕ್ಕೆ ಹೋಗಿದ್ದ. ಯಾರಾದರೂ ಸಿಕ್ಕಿಕೊಂಡರೆ ಮೊದಲು ಪಂಪು ನಿಲ್ಲಬೇಕು, ಆಮೇಲೆ ಎಳೆಯುವ ಮಾತು. ನೇರವಾಗಿ ಮೇಲಕ್ಕೆ ಎಳೆದರೆ ಗಾಯ ಹೆಚ್ಚಾಗುತ್ತದೆ. ದೇಹ ಮತ್ತು ಜಾಲರಿಯ ಅಂಚಿನ ನಡುವೆ ಬೆರಳು ತೂರಿಸಿ ಒಂದು ಬದಿಯಿಂದ ಹೊರಳಿಸಿದರೆ ನೀರು ನುಗ್ಗಿ ಹಿಡಿತ ಸಡಿಲವಾಗುತ್ತದೆ. ಕೂದಲಾದರೆ ಕತ್ತರಿ ಬೇಕು. ಜೀವರಕ್ಷಕರ ಪೆಟ್ಟಿಗೆಯಲ್ಲಿ ಒಂದು ಕತ್ತರಿ ಇದೆಯೇ ಎಂದು ಈ ಲೇಖನ ಓದಿದ ಮಾಲೀಕರು ಇಂದೇ ವಿಚಾರಿಸಲಿ.

ನಾನು ಮಾಡಿಕೊಟ್ಟ ಜಾಲರಿಯ ಕಥೆ ಬಾಕಿ ಇದೆ. ಗುತ್ತಿಗೆದಾರರನ್ನು ಹುಡುಕಿ, ಅವರ ಜೊತೆ ಆ ಸ್ಥಳಕ್ಕೆ ಹೋದೆ. ಮಾಲೀಕರು ಮೊದಲು ಸಿಡಿಮಿಡಿಗೊಂಡರು. ಇಷ್ಟು ವರ್ಷ ಏನೂ ಆಗಿಲ್ಲ, ನೀವೇ ಮಾಡಿಕೊಟ್ಟು ನೀವೇ ತಪ್ಪು ಎನ್ನುತ್ತೀರಲ್ಲ ಎಂದರು. ಅವರ ಮಾತಿನಲ್ಲಿ ನ್ಯಾಯವಿತ್ತು. ನೀರು ಇಳಿಸಿ ನೋಡಿದಾಗ ಬಾಯಿ ಒಂದೇ ಇತ್ತು. ನಾಲ್ಕು ಸ್ಕ್ರೂಗಳಲ್ಲಿ ಎರಡು ಮಾತ್ರ ಉಳಿದಿದ್ದವು. ಎರಡನೆಯ ಬಾಯಿಗಾಗಿ ತಳ ಒಡೆಯಲು ಅವರು ಒಪ್ಪಲಿಲ್ಲ. ಬದಲಿಗೆ ಆ ಬಾಯಿಯನ್ನೇ ಕಾಂಕ್ರೀಟ್ ಹಾಕಿ ಮುಚ್ಚಿ, ಉಕ್ಕಿ ಹರಿಯುವ ಅಂಚಿನ ನೀರು ಒಂದು ತೊಟ್ಟಿಗೆ ಇಳಿಯುವಂತೆ ಮಾಡಿ, ಪಂಪನ್ನು ಆ ತೊಟ್ಟಿಗೆ ಜೋಡಿಸಲಾಯಿತು. ಖರ್ಚಿನ ಒಂದು ಭಾಗವನ್ನು ನಾನು ಕೊಟ್ಟೆ. ಜಾಲರಿಯನ್ನು ಬಿಚ್ಚಿ ತಂದು ಕಾರ್ಯಾಗಾರದ ಗೋಡೆಗೆ ನೇತುಹಾಕಿದ್ದೇನೆ. ಅಳತೆಯ ಚೀಟಿ ಹಿಡಿದು ಬಂದವರು ಅದೇನೆಂದು ಕೇಳುತ್ತಾರೆ. ನಾನು ಅವರ ಪಂಪಿನ ಸಾಮರ್ಥ್ಯ ಎಷ್ಟೆಂದು ಕೇಳುತ್ತೇನೆ.